ಚಾರ್ಲಿ ವಾಟ್ಸ್ ಇನ್ನಿಲ್ಲ. ಅವರ ಬಾರಿಸುವಿಕೆಯಲ್ಲಿ ಅಂಥದ್ದೇನಿತ್ತು?

ಹಳೇಕ್ಯಾಸೆಟ್
ಸುದ್ದಿ ನೋಡಿದಿರಾ? ಬ್ರಿಟಿಷ್ ರಾಕ್ ಬ್ಯಾಂಡ್ ರೋಲಿಂಗ್ ಸ್ಟೋನ್ಸ್‌ನ ಡ್ರಮ್ಮರ್ ಚಾರ್ಲಿ ವಾಟ್ಸ್ ನಿನ್ನೆ, 2021ರ ಆಗಸ್ಟ್ 24, ಲಂಡನ್ನಿನ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಾರೆ. 80 ವರ್ಷ ಆಗಿತ್ತು. ಈ ತಿಂಗಳ ಮೊದಲ ವಾರದಲ್ಲೇ ಏನೋ ಚಿಕಿತ್ಸೆ ಆಗಿದೆ, ಅಮೆರಿಕ ಪ್ರವಾಸಕ್ಕೆ ಬರುವುದಿಲ್ಲ ಅಂತ ಹೇಳಿಕೆ ಬಂದಿತ್ತು. ಸುಧಾರಿಸಿಕೊಂಡು ಬರ್ತಾರೆ ಅಂದುಕೊಂಡಿದ್ದೆ.

ಬೆಳಿಗ್ಗೆಯಿಂದ ಅವರ ಹಾಡುಗಳನ್ನೇ ಹಾಕಿಕೊಂಡು ಕೂತಿದ್ದೇನೆ. ಜೊತೆಗೆ ಕೆಲಸ ಮಾಡುವ ಹುಡುಗನೊಬ್ಬ, ಅವನೂ ಡ್ರಮ್ಸ್ ಕಲಿಯುತ್ತಿದ್ದಾನೆ, ಕೇಳಿ ನಕ್ಕ. "ಇದರಲ್ಲಿ ಏನಿದೆ? ಢಮ್ ಟಕ್ ಢಮ್ ಟಕ್. ಮೊದಲ ತಿಂಗಳ ಪಾಠ ಇದು" ಅಂದ. ಉತ್ತರ ಕೊಡೋಣ ಅಂತ ಬಾಯಿ ತೆರೆದೆ, "ಅದು ಕೇಳಿದರೆ ಗೊತ್ತಾಗುತ್ತೆ" ಅನ್ನುವುದು ಬಿಟ್ಟು ಬೇರೆ ಏನೂ ಬರಲಿಲ್ಲ. ಇಲ್ಲಿ ಡ್ರಮ್ಸ್ ಬಾರಿಸುವವರು ಇದ್ದೀರಿ. ಬಿಡಿಸಿ ಹೇಳ್ತೀರಾ? ನೆನಪುಗಳಿದ್ದರೆ ಅವನ್ನೂ ಹಾಕಿ.

ಸಂಜೆಬಸ್ಸು
ಛೇ. ಬೇಜಾರಾಯ್ತು.

ಕಿಕ್‌ಪೆಡಲ್
ಅಣ್ಣ, ಆ ಹುಡುಗನಿಗೆ ಒಂದು ಕೆಲಸ ಹೇಳಿ. ಸ್ಟೋನ್ಸ್ ಸಂಗೀತ ಕಛೇರಿಯ ಯಾವುದಾದರೂ ವಿಡಿಯೋ ಹಾಕಿಕೊಂಡು ಚಾರ್ಲಿಯ ಬಲಗೈ ಮಾತ್ರ ನೋಡಲಿ. ಮುಖ ಬೇಡ, ಗಾಯಕ ಮಿಕ್ ಜಾಗರ್ ಕುಣಿಯುವುದೂ ಬೇಡ.

ಸಾಮಾನ್ಯವಾಗಿ ರಾಕ್ ಡ್ರಮ್ಮರ್ ಬಲಗೈಯಲ್ಲಿ ಹೈ-ಹ್ಯಾಟ್ (ಒಂದರ ಮೇಲೊಂದು ಇರುವ ಜೋಡಿ ತಾಳದ ತಟ್ಟೆ) ಮೇಲೆ ನಾಲ್ಕು ಎಣಿಕೆಯ ಒಂದು ಆವರ್ತನಕ್ಕೆ ಎಂಟು ಏಟು ಬಿಡದೆ ಹಾಕುತ್ತಾ ಹೋಗುತ್ತಾನೆ. ಎರಡು ಮತ್ತು ನಾಲ್ಕನೇ ಎಣಿಕೆಗೆ ಎಡಗೈ ಸ್ನೇರ್ ಮೇಲೆ, ಅಂದರೆ ಟಕ್ ಅನ್ನುವ ಚಿಕ್ಕ ಡ್ರಮ್ ಮೇಲೆ, ಬೀಳುತ್ತೆ. ಆ ಹೊತ್ತಿಗೆ ಬಲಗೈಯೂ ಹೈ-ಹ್ಯಾಟ್ ಮೇಲೆ ಬಿದ್ದಿರುತ್ತೆ, ಎರಡೂ ಒಟ್ಟಿಗೆ. ಎಲ್ಲರೂ ಕಲಿಯುವುದು ಹೀಗೇ.

ಚಾರ್ಲಿ ಹಾಗೆ ಮಾಡುವುದಿಲ್ಲ. ಸ್ನೇರ್ ಬೀಳುವ ಹೊತ್ತಿಗೆ ಸರಿಯಾಗಿ ಬಲಗೈಯನ್ನು ಮೇಲಕ್ಕೆ ಎತ್ತಿಬಿಡುತ್ತಾರೆ. ಆ ಏಟು ಹೈ-ಹ್ಯಾಟ್ ಮೇಲೆ ಬೀಳುವುದೇ ಇಲ್ಲ. ಅಂದರೆ ಎಂಟರಲ್ಲಿ ಎರಡು ಏಟು ಖಾಲಿ. ಆ ಖಾಲಿ ಜಾಗದಲ್ಲಿ ಸ್ನೇರ್ ಒಂದೇ ನಿಂತಿರುತ್ತೆ, ಅದಕ್ಕೇ ಅಷ್ಟು ಗಟ್ಟಿಯಾಗಿ, ಬಿಡಿಬಿಡಿಯಾಗಿ ಕೇಳುವುದು. ಕೈ ಮೇಲೆ ಹೋಗಿ ಕೆಳಗೆ ಬರುವಷ್ಟರಲ್ಲಿ ಲಯ ಒಂದು ಕೂದಲೆಳೆ ಹಿಂದಕ್ಕೆ ವಾಲುತ್ತೆ. ನಿಮಗೆ ಗೊತ್ತಿಲ್ಲದೆ ಭುಜ ಅಲ್ಲಾಡುವುದು ಅಲ್ಲೇ.

ಮೊದಲ ತಿಂಗಳ ಪಾಠ ತಾನೇ? ಮಾಡಿ ತೋರಿಸಲಿ. ಐದು ನಿಮಿಷ, ವೇಗ ಬದಲಾಗದೆ.

ಸುಮ್ನೆನೋಡ್ತೀನಿ
ಸತ್ತವರ ಬಗ್ಗೆ ಕೆಟ್ಟದು ಮಾತಾಡಬಾರದು ಅಂತಾರೆ, ಸರಿ. ಆದರೆ ಲೆಜೆಂಡ್ ಅನ್ನುವ ಪಟ್ಟ ಎಲ್ಲರಿಗೂ ಕಟ್ಟಿದರೆ ಹೇಗೆ? ಅದೇ ಕಾಲದ ಬೇರೆ ಡ್ರಮ್ಮರ್‌ಗಳಿದ್ದಾರೆ, ಜಾನ್ ಬಾನಮ್ ಕೇಳಿ, ಕೀತ್ ಮೂನ್ ಕೇಳಿ, ಜಿಂಜರ್ ಬೇಕರ್ ಕೇಳಿ. ಅವರು ಬಾರಿಸಿದರೆ ಗೋಡೆ ಅದುರುತ್ತೆ. ವಾಟ್ಸ್ ಒಳ್ಳೆಯ ಬ್ಯಾಂಡಿನಲ್ಲಿ ಇದ್ದ ಒಳ್ಳೆಯ ಕೆಲಸಗಾರ, ಅಷ್ಟೇ. ಕೈ ಎತ್ತುವುದಂತೆ! ಅಭ್ಯಾಸ ದೋಷಕ್ಕೂ ಒಂದು ಸಿದ್ಧಾಂತ ಕಟ್ಟುತ್ತೀರಲ್ಲ.

ಜಾಝ್‌ಭೂತ
@ಸುಮ್ನೆನೋಡ್ತೀನಿ ನೀವೇ ಹೆಸರು ತೆಗೆದಿರಿ, ಹಾಗಾಗಿ ಹೇಳ್ತೀನಿ. ಜಿಂಜರ್ ಬೇಕರ್‌ಗೆ ಅಲೆಕ್ಸಿಸ್ ಕಾರ್ನರ್‌ನ ಬ್ಲೂಸ್ ಇನ್‌ಕಾರ್ಪೊರೇಟೆಡ್ ಬ್ಯಾಂಡಿನಲ್ಲಿ ಜಾಗ ಸಿಕ್ಕಿದ್ದು ಹೇಗೆ ಗೊತ್ತಾ? ಅಲ್ಲಿ ಮೊದಲು ಬಾರಿಸುತ್ತಿದ್ದವರು ಚಾರ್ಲಿ. ನನಗಿಂತ ಅವನು ಚೆನ್ನಾಗಿ ಬಾರಿಸ್ತಾನೆ, ಅವನನ್ನು ಹಾಕಿಕೊಳ್ಳಿ ಅಂತ ತಾವೇ ಹೇಳಿ ಎದ್ದುಬಂದರು. ಬೇಕರ್ ಬಾಯಿಗೆ ಸಿಕ್ಕದ ಡ್ರಮ್ಮರ್ ಇಲ್ಲ, ಎಲ್ಲರನ್ನೂ ಬೈದವನು. ಚಾರ್ಲಿಯನ್ನು ಮಾತ್ರ ಕೊನೆತನಕ ಗೌರವದಿಂದ ಕಂಡ.

ಸುಮ್ನೆನೋಡ್ತೀನಿ
ತನಗಿಂತ ಬೇಕರ್ ಮೇಲು ಅಂತ ಚಾರ್ಲಿಯೇ ಹೇಳಿದ್ದಾರೆ. ನಾನೂ ಅದನ್ನೇ ಹೇಳ್ತಾ ಇದ್ದೀನಿ 😀

ಜಾಝ್‌ಭೂತ
ಮಾತಿಗೆ ಸಿಕ್ಕಿಸುವುದರಲ್ಲಿ ನೀವು ಗಟ್ಟಿಗರು ಬಿಡಿ.

ಕಡಲಕರೆ
ಮಾರಾಯ್ರೆ, ಇಲ್ಲಿ ಓಟದ ಪಂದ್ಯ ಇಟ್ಟಿದ್ದಾರಾ? ಬಾನಮ್‌ನನ್ನು ಸ್ಟೋನ್ಸ್‌ನಲ್ಲಿ ಕೂರಿಸಿ ನೋಡಿ, ಕೀತ್ ರಿಚರ್ಡ್ಸ್‌ನ ಗಿಟಾರ್ ಕೇಳಿಸುವುದಿಲ್ಲ. ಕೀತ್ ಮೂನ್‌ನನ್ನು ಕೂರಿಸಿದರೆ ಮಿಕ್ ಜಾಗರ್ ಹಾಡು ಶುರು ಮಾಡಲಿಕ್ಕೇ ಜಾಗ ಸಿಗುವುದಿಲ್ಲ. ಚಾರ್ಲಿ ಅಂದರೆ ಅಡುಗೆಯಲ್ಲಿ ಉಪ್ಪು ಇದ್ದ ಹಾಗೆ.

ಕಿಕ್‌ಪೆಡಲ್
ಉಪ್ಪಿನ ಮಾತು ಬೇಡ ಕಡಲಕರೆ ಅವರೇ, ಪ್ರತಿ ಡ್ರಮ್ಮರ್ ಸತ್ತಾಗಲೂ ಅದೇ ಉಪ್ಪು ಹಾಕ್ತಾರೆ.

ಕಡಲಕರೆ
ಆಯ್ತು, ಸಪ್ಪೆಯೇ ತಿನ್ನಿ.

ಮೂರನೇಸಾಲು
ನಾನು ಅವರನ್ನು ನೋಡಿದ್ದೇನೆ. 2003ರ ಏಪ್ರಿಲ್ 4, ಬೆಂಗಳೂರಿನ ಅರಮನೆ ಮೈದಾನ. ಭಾರತದಲ್ಲಿ ಸ್ಟೋನ್ಸ್‌ನ ಮೊದಲ ಕಛೇರಿ ಅದು, ಆಮೇಲೆ ಮುಂಬೈಗೆ ಹೋದರು. ಮಳೆ ಸುರಿದು ಮೈದಾನ ಕೆಸರಾಗಿತ್ತು. ಕಾಲೇಜು ಮುಗಿಸಿದ ಹೊಸದು, ಜೊತೆಗೆ ತಮ್ಮ. ಅವನಿಗೆ ಕೀತ್ ಬೇಕಿತ್ತು, ನನಗೆ ಮಿಕ್. ಚಾರ್ಲಿ ಬಗ್ಗೆ ಇಬ್ಬರಿಗೂ ಏನೂ ಗೊತ್ತಿರಲಿಲ್ಲ.

ಮಿಕ್ ಒಬ್ಬೊಬ್ಬರನ್ನೇ ಪರಿಚಯ ಮಾಡಿಕೊಡುತ್ತಾ ಬಂದ. ಚಾರ್ಲಿ ಹೆಸರು ಬಂದಾಗ ಎದ್ದ ಕೂಗು ನೋಡಿ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಎಲ್ಲರಿಗಿಂತ ಜಾಸ್ತಿ! ಪರದೆ ಮೇಲೆ ಅವರ ಮುಖ ದೊಡ್ಡದಾಗಿ ಬಂತು. ಯಾರೋ ಬೇರೆಯವರಿಗೆ ಚಪ್ಪಾಳೆ ಬೀಳುತ್ತಿದೆಯೇನೋ ಅನ್ನುವ ಹಾಗೆ ಸ್ವಲ್ಪ ಸಂಕೋಚದಿಂದ ನಕ್ಕರು, ಮತ್ತೆ ಕೂತರು. ಸುತ್ತ ಇದ್ದ ಹಿರಿಯರೆಲ್ಲ ಅವರ ಹೆಸರೇ ಕೂಗುತ್ತಿದ್ದರು. ಆ ಮೇಲೆ ಮನೆಗೆ ಹೋಗಿ ಹಾಡುಗಳನ್ನು ಬೇರೆ ಥರ ಕೇಳೋಕೆ ಶುರು ಮಾಡಿದೆ.

ಹಳೇಕ್ಯಾಸೆಟ್
ಅಕ್ಕ, ನೀವು ಅಲ್ಲಿದ್ರಾ! ನನಗೆ ಆಗ ಟಿಕೆಟ್‌ಗೆ ದುಡ್ಡಿರಲಿಲ್ಲ. ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಜಾಝ್‌ಭೂತ
ಆ ಮಳೆ ಅವರಿಗೆ ಎಷ್ಟು ಹಿಂಸೆ ಆಗಿರಬೇಕು! ಬಯಲಲ್ಲಿ ಬಾರಿಸುವುದು ಅವರಿಗೆ ಮೊದಲಿನಿಂದಲೂ ಇಷ್ಟ ಇರಲಿಲ್ಲ. ಗಾಳಿಗೆ ಸಿಂಬಲ್ (ತಾಳದ ತಟ್ಟೆ) ಅಲ್ಲಾಡುತ್ತೆ ಅನ್ನುವುದು ಅವರ ದೂರು. 2013ರಲ್ಲಿ ಗ್ಲಾಸ್ಟನ್‌ಬರಿ ಉತ್ಸವಕ್ಕೆ ಮೊದಲು ಪತ್ರಿಕೆಯವರು ಕೇಳಿದರೆ, ನನಗೇನೂ ಅಲ್ಲಿ ಬಾರಿಸಬೇಕು ಅಂತ ಇರಲಿಲ್ಲ ಅಂದುಬಿಟ್ಟರು. ಬ್ಯಾಂಡಿನ ಉಳಿದವರು ಅದೇ ಕಛೇರಿಗೆ ಕುಣಿದಾಡುತ್ತಿದ್ದರು.

ಸಂಜೆಬಸ್ಸು
ಒಂದು ದಡ್ಡ ಪ್ರಶ್ನೆ. ಅವರು ರಾಕ್ ಡ್ರಮ್ಮರ್ ತಾನೇ? ಸುದ್ದಿಯಲ್ಲೆಲ್ಲ ಜಾಝ್ ಜಾಝ್ ಅಂತಿದ್ದಾರಲ್ಲ.

ಜಾಝ್‌ಭೂತ
ದಡ್ಡ ಪ್ರಶ್ನೆ ಅಲ್ಲ. ಅದೇ ಮೂಲ ವಿಷಯ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಚಾರ್ಲಿಯ ಅಪ್ಪ ರೈಲ್ವೆಯಲ್ಲಿ ಲಾರಿ ಡ್ರೈವರ್. ಯುದ್ಧ ಕಾಲದ ಲಂಡನ್. ಪಕ್ಕದ ಮನೆಯ ಹುಡುಗ ಡೇವ್ ಗ್ರೀನ್, ಮುಂದೆ ಹೆಸರುವಾಸಿ ಜಾಝ್ ಬೇಸ್ ವಾದಕ ಆದವನು. ಇಬ್ಬರೂ ಸೇರಿ ಜಾಝ್ ರೆಕಾರ್ಡ್ ಕೇಳುತ್ತಿದ್ದರು. ಜೆರಿ ಮಲಿಗನ್ ಗುಂಪಿನ ಒಂದು ರೆಕಾರ್ಡಿನಲ್ಲಿ ಡ್ರಮ್ಮರ್ ಚಿಕೊ ಹ್ಯಾಮಿಲ್ಟನ್ ಕೋಲು ಬಿಟ್ಟು ಬ್ರಷ್‌ನಲ್ಲಿ ಬಾರಿಸಿದ್ದು ಕೇಳಿ ಹುಡುಗನಿಗೆ ಹುಚ್ಚು ಹಿಡಿಯಿತು. ಮನೆಯಲ್ಲಿ ಇದ್ದದ್ದು ಬ್ಯಾಂಜೊ. ಅದರ ಕತ್ತು ಬಿಚ್ಚಿಹಾಕಿ, ಉಳಿದ ಗುಂಡನ್ನು ಸ್ಟ್ಯಾಂಡಿಗೆ ಕೂರಿಸಿ ಬ್ರಷ್‌ನಲ್ಲಿ ಸವರೋಕೆ ಶುರು. ಅಪ್ಪ ಅಮ್ಮ ಡ್ರಮ್ ಸೆಟ್ ಕೊಡಿಸಿದ್ದು ಆಮೇಲೆ, 1955ರಲ್ಲಿ. ಪಾಠ ಅಂತ ಹೋಗಲಿಲ್ಲ. ಕೇಳಿದ್ದು, ನೋಡಿದ್ದು, ಅಷ್ಟೇ.

ಕೋಲು ಹಿಡಿಯುವ ರೀತಿ ನೋಡಿ. ಎಡಗೈಯಲ್ಲಿ ಅಂಗೈ ಮೇಲೆ ಮಾಡಿ, ಬೆರಳ ಸಂದಿಯಲ್ಲಿ ಕೋಲು. ಹಳೇ ಜಾಝ್ ಡ್ರಮ್ಮರ್‌ಗಳ ಹಿಡಿತ ಅದು. ಜೋರಾಗಿ ಬಾರಿಸೋಕೆ ಅನುಕೂಲ ಇಲ್ಲ ಅಂತ ರಾಕ್‌ನವರಲ್ಲಿ ಬಹಳ ಜನ ಅದನ್ನು ಬಿಟ್ಟರು. ಇವರು ಸಾವಿರಾರು ಜನರ ಕ್ರೀಡಾಂಗಣದಲ್ಲೂ ಬಿಡಲಿಲ್ಲ. ಸೆಟ್ ಕೂಡ ಅಷ್ಟೇ, 1957ರ ಗ್ರೆಚ್ ಕಂಪನಿಯದು, ನಾಲ್ಕೇ ಡ್ರಮ್. ಒಂದು ಬೇಸ್, ಒಂದು ಸ್ನೇರ್, ಮೇಲೊಂದು ಟಾಮ್, ಕೆಳಗೊಂದು ಟಾಮ್. ಆ ಕಾಲದ ಬೇರೆ ದೊಡ್ಡ ಬ್ಯಾಂಡುಗಳ ಡ್ರಮ್ಮರ್ ಎಲ್ಲಿ ಕೂತಿದ್ದಾನೆ ಅಂತ ಹುಡುಕಬೇಕು, ಸುತ್ತ ಅಷ್ಟು ಸಾಮಾನು.

1964ರಲ್ಲಿ, ಸ್ಟೋನ್ಸ್ ಹೆಸರು ಮಾಡುತ್ತಿದ್ದ ಹೊತ್ತಲ್ಲಿ, ಜಾಝ್ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ ಬಗ್ಗೆ ಅವರು ಬರೆದು ಚಿತ್ರ ಬಿಡಿಸಿದ ಪುಟ್ಟ ಪುಸ್ತಕ ಹೊರಬಂತು. ಚಿತ್ರ ಯಾಕೆ ಅಂದರೆ ಅವರು ಕಲಾಶಾಲೆಯಲ್ಲಿ ಓದಿ ಜಾಹೀರಾತು ಕಂಪನಿಯಲ್ಲಿ ವಿನ್ಯಾಸಕಾರ ಆಗಿದ್ದವರು. ದುಡ್ಡು ಬಂದ ಮೇಲೆ, 80ರ ದಶಕದಲ್ಲಿ, ದೊಡ್ಡ ಜಾಝ್ ಆರ್ಕೆಸ್ಟ್ರಾ ಕಟ್ಟಿಕೊಂಡು ತಿರುಗಿದರು. ಡ್ರಮ್ ಸೋಲೊ ಅಂದರೆ ಅವರಿಗೆ ಆಗುತ್ತಿರಲಿಲ್ಲ.

ಹಾಗಾಗಿ ರಾಕ್ ಡ್ರಮ್ಮರ್ ಹೌದು. ಜಾಝ್‌ನವರು ರಾಕ್ ನುಡಿಸಿದರೆ ಹೇಗಿರುತ್ತೋ ಹಾಗೆ.

ಸುಮ್ನೆನೋಡ್ತೀನಿ
ಓದಿದೆ. ಚೆನ್ನಾಗಿತ್ತು. ಒಪ್ಪಿಲ್ಲ.

ಬೇಸ್‌ಗುರು
ನಾನು ಬೇಸ್ ಗಿಟಾರ್ ನುಡಿಸುವವನು, ಡ್ರಮ್ಮರ್ ಪಕ್ಕ ನಿಂತು ಬದುಕುವ ಜಾತಿ. ಕಿಕ್‌ಪೆಡಲ್ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಬೇರೆ ಬ್ಯಾಂಡುಗಳಲ್ಲಿ ಡ್ರಮ್ಮರ್ ಮುಂದೆ ಹೋಗ್ತಾನೆ, ಎಲ್ಲರೂ ಅವನ ಹಿಂದೆ. ಸ್ಟೋನ್ಸ್‌ನಲ್ಲಿ ಮುಂದೆ ಹೋಗುವುದು ಕೀತ್‌ನ ಗಿಟಾರ್. ಚಾರ್ಲಿ ಕೀತ್‌ನನ್ನು ಕೇಳಿಕೊಂಡು ಒಂದು ಚೂರು ಹಿಂದೆ ಬರ್ತಾರೆ. ಇದನ್ನು ಸ್ಟೋನ್ಸ್ ಬೇಸ್ ವಾದಕ ಬಿಲ್ ವೈಮನ್ ಎಷ್ಟೋ ಸಲ ಹೇಳಿದ್ದಾರೆ, ನಮ್ಮಲ್ಲಿ ಡ್ರಮ್ಮರ್ ಗಿಟಾರನ್ನು ಹಿಂಬಾಲಿಸ್ತಾನೆ ಅಂತ. ಹಾಗಾಗಿ ಇಡೀ ಬ್ಯಾಂಡ್ ಈಗ ಬೀಳುತ್ತೆ, ಆಗ ಬೀಳುತ್ತೆ ಅನ್ನುವ ಹಾಗೆ ತೂರಾಡುತ್ತೆ, ಬೀಳುವುದೇ ಇಲ್ಲ. ನಾವು ಕೆಲವರು ಸೇರಿ ಅವರ ಹಾಡು ನುಡಿಸಲು ಹೋದಾಗ ಸ್ವರ ಎಲ್ಲ ಸರಿ ಇತ್ತು, ಎಣಿಕೆ ಸರಿ ಇತ್ತು, ಹಾಡು ಮಾತ್ರ ಸತ್ತು ಬಿದ್ದಿತ್ತು. ನಮ್ಮ ಡ್ರಮ್ಮರ್ ತಪ್ಪೇ ಮಾಡಿರಲಿಲ್ಲ, ಪಾಪ. ಎಲ್ಲರೂ ಒಂದೇ ಗೆರೆ ಮೇಲೆ ನಿಂತಿದ್ದೆವು, ಅದೇ ತೊಂದರೆ.

ಕಿಕ್‌ಪೆಡಲ್
ಇದು ನೂರಕ್ಕೆ ನೂರು ನಿಜ ಗುರು. ಅವರ ಸ್ಟಾರ್ಟ್ ಮಿ ಅಪ್ ಹಾಡಿನ ಶುರುವಿನಲ್ಲಿ ಡ್ರಮ್ ಒಳಗೆ ಬರುವ ಜಾಗ ಕೇಳಿ. ಎಣಿಕೆ ತಪ್ಪಿದೆ ಅನ್ನಿಸುತ್ತೆ, ಕಾಲು ತಟ್ಟುತ್ತಿದ್ದವರು ತಬ್ಬಿಬ್ಬಾಗ್ತಾರೆ. ಎರಡು ಕ್ಷಣದಲ್ಲಿ ಎಲ್ಲ ಸರಿಯಾಗುತ್ತೆ.

ಗುಡುಗುಮಿಂಚು
ಸ್ಯಾಟಿಸ್‌ಫ್ಯಾಕ್ಷನ್ ಮರೆತಿರಾ? 1965. ಅದರಲ್ಲಿ ಎರಡು ನಾಲ್ಕು ಅಂತ ಇಲ್ಲ, ನಾಲ್ಕೂ ಎಣಿಕೆಗೆ ಸ್ನೇರ್. ಡಕ್ ಡಕ್ ಡಕ್ ಡಕ್. ಬುದ್ಧಿವಂತಿಕೆ ತೋರಿಸಬೇಕು ಅಂತಿದ್ದವನು ಯಾರೂ ಅಷ್ಟು ಸಾದಾ ಬಾರಿಸುವ ಧೈರ್ಯ ಮಾಡಲ್ಲ. ಮಧ್ಯೆ ಎಲ್ಲ ನಿಂತು ಬರೀ ಡ್ರಮ್ ಉಳಿಯುವ ಜಾಗ ಬರುತ್ತಲ್ಲ, ಅಲ್ಲೂ ಏನೂ ಮಾಡಲ್ಲ! ಅದೇ ಡಕ್ ಡಕ್. ನನಗೆ ಹಾಡಿನಲ್ಲಿ ಅದೇ ಇಷ್ಟ.

ನಿದ್ದೆಗೆಟ್ಟವನು
ಹಾಂಕಿ ಟಾಂಕ್ ವಿಮೆನ್ ಹಾಡಿನ ಶುರುವಲ್ಲಿ ಕೌಬೆಲ್, ದನದ ಗಂಟೆ ಥರದ್ದು, ಬಾರಿಸ್ತಾರಲ್ಲ ಚಾರ್ಲಿ, ಆಹಾ. ಅದೊಂದೇ ಸಾಕು. 1962ರಿಂದ ಬ್ಯಾಂಡ್ ಕಟ್ಟಿ ಬೆಳೆಸಿದವರು.

ಜಾಝ್‌ಭೂತ
ಎರಡು ತಿದ್ದುಪಡಿ. ಕೌಬೆಲ್ ಬಾರಿಸಿದ್ದು ಅವರ ನಿರ್ಮಾಪಕ ಜಿಮ್ಮಿ ಮಿಲ್ಲರ್. ಚಾರ್ಲಿ ಆಮೇಲೆ ಒಳಗೆ ಬರ್ತಾರೆ. ಬ್ಯಾಂಡ್ 1962ರ ಜುಲೈನಲ್ಲೇ ಮೊದಲ ಕಛೇರಿ ಕೊಟ್ಟಿತ್ತು, ಚಾರ್ಲಿ ಅದರಲ್ಲಿ ಇರಲಿಲ್ಲ. ಸೇರಿದ್ದು 1963ರ ಜನವರಿಯಲ್ಲಿ. ಎಷ್ಟೋ ದಿನ ಕರೆದು ಕರೆದು ಸುಸ್ತಾಗಿದ್ದರು, ಸಂಬಳ ಕೊಡೋಕೆ ಅವರ ಹತ್ತಿರ ದುಡ್ಡಿರಲಿಲ್ಲ.

ನಿದ್ದೆಗೆಟ್ಟವನು
ಸರಿ ಮೇಷ್ಟ್ರೇ. ಆದರೂ ಆ ಕೌಬೆಲ್ ಚೆನ್ನಾಗಿದೆ.

ಸುಮ್ನೆನೋಡ್ತೀನಿ
ಮಿಲ್ಲರ್ ಹೆಸರು ಬಂತು, ಒಳ್ಳೆಯದಾಯ್ತು. ಯೂ ಕಾಂಟ್ ಆಲ್ವೇಸ್ ಗೆಟ್ ವಾಟ್ ಯೂ ವಾಂಟ್ ಹಾಡಿನಲ್ಲಿ ಡ್ರಮ್ಸ್ ಯಾರು ಬಾರಿಸಿದ್ದು ಅಂತ ಯಾರಾದರೂ ಹೇಳ್ತೀರಾ? ಅದೂ ಮಿಲ್ಲರ್. ಚಾರ್ಲಿಗೆ ಆ ಲಯ ಕೈಗೆ ಹತ್ತಲಿಲ್ಲ. ಹ್ಯಾಪಿ ಹಾಡಿನಲ್ಲೂ ಮಿಲ್ಲರೇ. ಅಷ್ಟು ಅದ್ಭುತ ಡ್ರಮ್ಮರ್ ಇದ್ದರೆ ನಿರ್ಮಾಪಕ ಯಾಕೆ ಬಂದು ಕೂರಬೇಕು?

ಕಿಕ್‌ಪೆಡಲ್
ಇದು ಅವರ ಪರವಾಗಿಯೇ ಹೋಗುತ್ತೆ ಅಂತೀನಿ. ಇನ್ನೊಬ್ಬ ಡ್ರಮ್ಮರ್ ಆಗಿದ್ದರೆ ನಾನೇ ಬಾರಿಸಬೇಕು ಅಂತ ಹಟ ಹಿಡಿದು ಹಾಡು ಕೆಡಿಸುತ್ತಿದ್ದ, ಇಲ್ಲಾ ಮುನಿಸಿಕೊಂಡು ಹೊರಗೆ ಹೋಗುತ್ತಿದ್ದ. ಇವರು ಕುರ್ಚಿ ಬಿಟ್ಟುಕೊಟ್ಟರು. ಆಮೇಲೆ ಅದನ್ನು ಕಲಿತುಕೊಂಡು ವೇದಿಕೆಗಳಲ್ಲಿ ದಶಕಗಟ್ಟಲೆ ಬಾರಿಸಿದರು.

ಮೂರನೇಸಾಲು
ಆ ಹಾಡು ಅಂದ ತಕ್ಷಣ ನೆನಪಾಯ್ತು. ಕಳೆದ ವರ್ಷ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ಹೊತ್ತಲ್ಲಿ, ಕಲಾವಿದರೆಲ್ಲ ಮನೆಯಿಂದಲೇ ಹಾಡಿದ ಕಾರ್ಯಕ್ರಮ ಟಿವಿಯಲ್ಲಿ ಬಂತಲ್ಲ? ಸ್ಟೋನ್ಸ್ ನಾಲ್ಕು ಜನ ನಾಲ್ಕು ಚೌಕದಲ್ಲಿ. ಇದೇ ಹಾಡು. ಉಳಿದವರ ಕೈಯಲ್ಲಿ ಗಿಟಾರ್. ಚಾರ್ಲಿ ಹತ್ತಿರ ಡ್ರಮ್ಸೇ ಇಲ್ಲ! ಹೆಡ್‌ಫೋನ್ ಹಾಕಿಕೊಂಡು, ಸಾಮಾನು ಸಾಗಿಸುವ ಪೆಟ್ಟಿಗೆಗಳನ್ನು ಮುಂದಿಟ್ಟುಕೊಂಡು, ಇನ್ನೊಂದು ಕಡೆ ಸೋಫಾದ ಕೈ. ಅದರ ಮೇಲೆ ಗಂಭೀರವಾಗಿ ಬಾರಿಸ್ತಾ ಇದ್ದಾರೆ. ಸಿಂಬಲ್ ಇರಬೇಕಾದ ಜಾಗದಲ್ಲಿ ಬರೀ ಗಾಳಿ, ಅದಕ್ಕೂ ಒಂದು ಏಟು. ಮುಖದಲ್ಲಿ ಆ ನಗು. ಆ ದಿನಗಳಲ್ಲಿ ಮನೆಯಲ್ಲಿ ಎಲ್ಲರಿಗೂ ತಲೆ ಕೆಟ್ಟಿತ್ತು. ಅದನ್ನು ನೋಡಿ ಎಲ್ಲರೂ ಬಿದ್ದು ಬಿದ್ದು ನಕ್ಕೆವು.

ಗುಡುಗುಮಿಂಚು
ಪೆಟ್ಟಿಗೆ ಅಂದಿದ್ದಕ್ಕೆ ಇನ್ನೊಂದು. ಸ್ಟ್ರೀಟ್ ಫೈಟಿಂಗ್ ಮ್ಯಾನ್ ಹಾಡಿನ ಡ್ರಮ್ಸ್ ಕೇಳಿದ್ದೀರಲ್ಲ, ಆ ಒರಟು ಸದ್ದು. ಅದನ್ನು ಬಾರಿಸಿದ್ದು ಸಣ್ಣ ಸೂಟ್‌ಕೇಸಿನಲ್ಲಿ ಮಡಚಿ ಇಡುವ, 1930ರ ದಶಕದ ಅಭ್ಯಾಸದ ಪುಟಾಣಿ ಸೆಟ್ ಮೇಲೆ. ರೆಕಾರ್ಡ್ ಮಾಡಿದ್ದು ಕೀತ್‌ನ ಮನೆಬಳಕೆಯ ಕ್ಯಾಸೆಟ್ ರೆಕಾರ್ಡರ್‌ನಲ್ಲಿ. ಕೀತ್‌ನ ಅಕೌಸ್ಟಿಕ್ ಗಿಟಾರ್, ಚಾರ್ಲಿಯ ಆಟಿಕೆ ಡ್ರಮ್, ಎರಡೂ ಆ ಪುಟ್ಟ ಮೈಕಿಗೆ ತಡೆಯಲಾರದೆ ಸದ್ದು ಒಡೆದು ಹೋಗಿದೆ. ಆ ಒಡೆದ ಸದ್ದೇ ಚೆನ್ನಾಗಿದೆ ಅಂತ ಅದರ ಮೇಲೇ ಹಾಡು ಕಟ್ಟಿದರು.

ಹಳೇಕ್ಯಾಸೆಟ್
ಕ್ಯಾಸೆಟ್ ರೆಕಾರ್ಡರ್ ಅಂದಿರಿ, ನನ್ನ ಹೆಸರಿಗೆ ಮರ್ಯಾದೆ ಬಂತು.

ಕಡಲಕರೆ
ಆ ಗುದ್ದಿನ ಕಥೆ ಯಾರೂ ಹೇಳಲಿಲ್ಲ ಇನ್ನೂ? 1984, ಆಮ್‌ಸ್ಟರ್‌ಡ್ಯಾಮ್. ರಾತ್ರಿ ಕುಡಿದ ಮಿಕ್ ಹೋಟೆಲಿನಲ್ಲಿ ಚಾರ್ಲಿ ಕೋಣೆಗೆ ಫೋನ್ ಮಾಡಿ "ನನ್ನ ಡ್ರಮ್ಮರ್ ಎಲ್ಲಿ?" ಅಂದನಂತೆ. ಚಾರ್ಲಿ ಎದ್ದು, ಗಡ್ಡ ಕೆರೆದು, ಸೂಟ್ ಹಾಕಿ, ಟೈ ಕಟ್ಟಿ, ಶೂ ಮಿರಮಿರ ಮಿಂಚುವ ಹಾಗೆ ಬಂದು, ಮಿಕ್‌ಗೆ ಒಂದು ಕೊಟ್ಟು, ಇನ್ನೊಮ್ಮೆ ನನ್ನನ್ನು ನಿನ್ನ ಡ್ರಮ್ಮರ್ ಅನ್ನಬೇಡ ಅಂದರಂತೆ. ಮಿಕ್ ಮೀನಿನ ತಟ್ಟೆ ಮೇಲೆ ಬಿದ್ದು ಕಿಟಕಿ ಕಡೆಗೆ ಜಾರಿದನಂತೆ, ಕೀತ್ ಹಿಡಿದುಕೊಂಡನಂತೆ. ಬೈಯಬೇಕಾದರೂ ಟೈ ಕಟ್ಟಿಕೊಂಡು ಬರುವ ಮನುಷ್ಯ, ನನಗೆ ಅದು ಬಹಳ ಇಷ್ಟ.

ಬೇಸ್‌ಗುರು
ಅದು ಕೀತ್ ಹೇಳುವ ಕಥೆ ಅಂತ ನೆನಪಿರಲಿ. ಕೀತ್ ಒಗ್ಗರಣೆ ಹಾಕದೆ ಏನೂ ಬಡಿಸಲ್ಲ. ಗುದ್ದಿದ್ದು ಹೌದು ಅಂತ ಚಾರ್ಲಿಯೂ ಒಪ್ಪಿದ್ದಾರೆ. ಆದರೆ ಅವರು ಅದನ್ನು ಹೆಮ್ಮೆಯಿಂದ ಹೇಳಿಕೊಂಡಿಲ್ಲ, ಕುಡಿತದ ಹೊತ್ತಿನ ಕೆಲಸ ಅಂತ ಬದಿಗೆ ಸರಿಸಿದ್ದಾರೆ. 80ರ ದಶಕದ ನಡುವಿನಲ್ಲಿ ಅವರಿಗೆ ಕುಡಿತ, ಹೆರಾಯಿನ್ ಎರಡೂ ಅಂಟಿಕೊಂಡಿತ್ತು. ಎಲ್ಲರೂ ಅದರಿಂದ ಹೊರಗೆ ಬರುವ ವಯಸ್ಸಿನಲ್ಲಿ ಇವರು ಒಳಗೆ ಹೋಗಿದ್ದರು. ಹೇಗೋ ಬಿಟ್ಟರು. 2004ರಲ್ಲಿ ಗಂಟಲಿನ ಕ್ಯಾನ್ಸರ್ ಬಂತು, ಅದನ್ನೂ ಗೆದ್ದು ಮತ್ತೆ ಪ್ರವಾಸಕ್ಕೆ ಬಂದರು. ಗುದ್ದಿನ ಕಥೆ ಎಲ್ಲರೂ ಹೇಳ್ತಾರೆ, ಇದನ್ನು ಯಾರೂ ಹೇಳಲ್ಲ.

ಸಂಜೆಬಸ್ಸು
ಸೂಟ್ ಅಂದಿದ್ದಕ್ಕೆ ಹುಡುಕಿ ನೋಡಿದೆ. ಏನು ಮನುಷ್ಯ ಮಾರ್ರೆ! ಡ್ರೈವಿಂಗ್ ಬರಲ್ಲ, ಆದರೆ ಹಳೇ ಕಾಲದ ಕಾರುಗಳನ್ನು ಕೊಂಡು ಇಟ್ಟಿದ್ದರಂತೆ, ಲಗೊಂಡ ಎಲ್ಲ. ಒಳಗೆ ಹೋಗಿ ಕೂತು ಇಂಜಿನ್ ಸದ್ದು ಕೇಳೋದು. ಇಂಗ್ಲೆಂಡಿನ ಡೆವನ್‌ನಲ್ಲಿ ಹೆಂಡತಿ ಜೊತೆ ಅರಬ್ಬಿ ಕುದುರೆ ಸಾಕಣೆ. 1964ರಲ್ಲಿ ಮದುವೆ ಆದ ಹೆಂಡತಿಯೇ ಕೊನೆಯವರೆಗೂ. ರಾಕ್ ಬ್ಯಾಂಡಿನಲ್ಲಿ ಇದು ದಾಖಲೆ ಅಲ್ವಾ?

ಮೂರನೇಸಾಲು
ಹಾಸಿಗೆ ಚಿತ್ರಗಳ ಬಗ್ಗೆ ಓದಿದೆಯಾ? 1967ರಿಂದ ಪ್ರವಾಸದಲ್ಲಿ ಮಲಗಿದ ಪ್ರತಿ ಹೋಟೆಲ್ ಕೋಣೆಯ ಹಾಸಿಗೆಯ ಚಿತ್ರ ಬಿಡಿಸಿದ್ದಾರೆ. ಉಳಿದವರು ಅದೇ ಹೋಟೆಲಿನ ಟಿವಿಗಳನ್ನು ಕಿಟಕಿಯಿಂದ ಎಸೆಯುತ್ತಿದ್ದಾಗ ಈ ಮನುಷ್ಯ ಪೆನ್ಸಿಲ್ ಹಿಡಿದು ದಿಂಬಿನ ಮಡಿಕೆ ಬರೀತಾ ಕೂತಿದ್ದರು. ಅವನ್ನೆಲ್ಲ ಸೇರಿಸಿ ಯಾರಾದರೂ ಪುಸ್ತಕ ಮಾಡಬೇಕು. ನಾನು ಕೊಂಡುಕೊಳ್ತೀನಿ.

ಗುಡುಗುಮಿಂಚು
1975ರಲ್ಲಿ ನ್ಯೂಯಾರ್ಕಿನಲ್ಲಿ ಲಾರಿ ಮೇಲೆ ನಿಂತು ಫಿಫ್ತ್ ಅವೆನ್ಯೂದಲ್ಲಿ ಬ್ರೌನ್ ಶುಗರ್ ಬಾರಿಸುತ್ತಾ ಬಂದು ಪ್ರವಾಸ ಘೋಷಿಸಿದ್ದು ಕೂಡ ಚಾರ್ಲಿಯ ಉಪಾಯ. ಹಿಂದೆ ಜಾಝ್‌ನವರು ಊರಿಗೆ ಬಂದಾಗ ಹಾಗೆ ಗಾಡಿ ಮೇಲೆ ನುಡಿಸುತ್ತಾ ಸುತ್ತುತ್ತಿದ್ದರಂತೆ. ಒಳಗೆ ಪತ್ರಕರ್ತರು ಕುರ್ಚಿ ಹಾಕಿಕೊಂಡು ಕಾಯುತ್ತಿದ್ದರು, ಇವರು ಬೀದಿಯಲ್ಲಿ. ವೇದಿಕೆಗಳ ವಿನ್ಯಾಸದಲ್ಲೂ ಅವರ ಕೈ ಇತ್ತು.

ಹಳೇಕ್ಯಾಸೆಟ್
ಮುಂದಿನ ತಿಂಗಳ ಪ್ರವಾಸ ನಿಲ್ಲಿಸಬೇಕಿತ್ತು ಅಂತ ನನಗೆ ಅನ್ನಿಸುತ್ತೆ. ಮಿಕ್, ಕೀತ್, ಚಾರ್ಲಿ, ಈ ಮೂವರು ಇಲ್ಲದ ಸ್ಟುಡಿಯೋ ಆಲ್ಬಮ್ ಒಂದೂ ಇಲ್ಲ. ಒಬ್ಬರು ಹೋದ ಮೇಲೆ ಆ ಹೆಸರು ಇಟ್ಟುಕೊಳ್ಳಬಹುದಾ?

ಬೇಸ್‌ಗುರು
ಚಾರ್ಲಿಯೇ ಒಪ್ಪಿ ಕಳಿಸಿದ್ದು. ತಮ್ಮ ಜಾಗದಲ್ಲಿ ಸ್ಟೀವ್ ಜೋರ್ಡನ್ ಬಾರಿಸ್ತಾನೆ ಅಂತ ಗೊತ್ತಾದಾಗ ಅವರು ಬದುಕಿದ್ದರು. 80ರ ದಶಕದ ಕೊನೆಯಲ್ಲಿ ಕೀತ್ ಬೇರೆ ಬ್ಯಾಂಡ್ ಮಾಡಿದಾಗಿನಿಂದ ಜೋರ್ಡನ್ ಜೊತೆಗಿದ್ದಾನೆ. ಹೊರಗಿನವನೇನಲ್ಲ.

ಹಳೇಕ್ಯಾಸೆಟ್
ಜೋರ್ಡನ್ ಬಗ್ಗೆ ನನ್ನ ತಕರಾರಿಲ್ಲ. ದುಡ್ಡಿನ ಬಗ್ಗೆ ಇದೆ. ಲೆಡ್ ಝೆಪ್ಪೆಲಿನ್ ಬ್ಯಾಂಡಿನವರು 1980ರಲ್ಲಿ ತಮ್ಮ ಡ್ರಮ್ಮರ್ ಬಾನಮ್ ತೀರಿಹೋದಾಗ ಅಂಗಡಿ ಮುಚ್ಚಿದರು.

ಸುಮ್ನೆನೋಡ್ತೀನಿ
ನೋಡಿ, ಬಾನಮ್ ಇಲ್ಲದೆ ಝೆಪ್ಪೆಲಿನ್ ಇಲ್ಲ. ವಾಟ್ಸ್ ಇಲ್ಲದೆ ಸ್ಟೋನ್ಸ್ ನಡೆಯುತ್ತೆ. ನಾನು ಏನೂ ಹೇಳಲಿಲ್ಲಪ್ಪ.

ಕಡಲಕರೆ
ಇವರಿಗೆ ಯಾರಾದರೂ ಒಂದು ಲೋಟ ನೀರು ಕೊಡಿ.

ನಿದ್ದೆಗೆಟ್ಟವನು
ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಸೆಪ್ಟೆಂಬರ್ 26ಕ್ಕೆ ಪ್ರವಾಸ ಶುರುವಾಯ್ತು, ವಿಡಿಯೋ ನೋಡಿದೆ. ಮೊದಲು ಖಾಲಿ ವೇದಿಕೆ, ಬರೀ ಡ್ರಮ್ ಸದ್ದು, ಪರದೆ ಮೇಲೆ ಚಾರ್ಲಿಯ ಫೋಟೋಗಳು. ಆಮೇಲೆ ಸ್ಟ್ರೀಟ್ ಫೈಟಿಂಗ್ ಮ್ಯಾನ್ ಎತ್ತಿಕೊಂಡರು. ಜೋರ್ಡನ್ ಚೆನ್ನಾಗಿ ಬಾರಿಸ್ತಾನೆ, ಶಕ್ತಿ ಜಾಸ್ತಿ. ಆದರೆ ಆ ವಾಲುವಿಕೆ ಇಲ್ಲ. ಬೇಸ್‌ಗುರು ಹೇಳಿದ ಮೇಲೆ ನನ್ನ ಕಿವಿಗೂ ಅದು ಬಿದ್ದುಬಿಟ್ಟಿದೆ, ಈಗ ಬೇರೆ ಏನೂ ಕೇಳಿಸಲ್ಲ.

ಕಿಕ್‌ಪೆಡಲ್
ಹಳೇ ಮಾತು ಎತ್ತುತ್ತಿದ್ದೇನೆ, ಎರಡು ವರ್ಷ ಆಯ್ತು. ಇದು 2023ರ ಅಕ್ಟೋಬರ್, ಸ್ಟೋನ್ಸ್‌ನ ಹೊಸ ಆಲ್ಬಮ್ ಹ್ಯಾಕ್ನಿ ಡೈಮಂಡ್ಸ್ ಬಂದಿದೆ. ಅದರಲ್ಲಿ ಎರಡು ಹಾಡಿಗೆ ಚಾರ್ಲಿ 2019ರಲ್ಲೇ ಬಾರಿಸಿಟ್ಟಿದ್ದ ಡ್ರಮ್ಸ್ ಇದೆ. ಮೆಸ್ ಇಟ್ ಅಪ್, ಲಿವ್ ಬೈ ದ ಸ್ವೋರ್ಡ್. ಎರಡನೆಯದರಲ್ಲಿ ಬಿಲ್ ವೈಮನ್ ಬೇಸ್ ಕೂಡ ಇದೆ, 90ರ ದಶಕದಲ್ಲಿ ಬ್ಯಾಂಡ್ ಬಿಟ್ಟಿದ್ದ ಮನುಷ್ಯ. ಯಾವ ಹಾಡಿನಲ್ಲಿ ಯಾರು ಅಂತ ನೋಡದೆ ಇಡೀ ಆಲ್ಬಮ್ ಹಾಕಿ, ಚಾರ್ಲಿ ಎಲ್ಲಿ ಬರ್ತಾರೆ ಅಂತ ಹೇಳಿ ನೋಡೋಣ.

ಮೂರನೇಸಾಲು
ಒಂದು ಸಿಕ್ಕಿತು. ಇನ್ನೊಂದಕ್ಕೆ ತಮ್ಮನ ಜೊತೆ ಜಗಳ ಆಗ್ತಾ ಇದೆ.

ಸುಮ್ನೆನೋಡ್ತೀನಿ
ಎರಡೂ ಸಿಕ್ಕಿತು. ಹಾಗಂತ ಬಾನಮ್‌ಗಿಂತ ಮೇಲು ಅಂತ ನಾನು ಹೇಳಲ್ಲ.

ಸಂಜೆಬಸ್ಸು
ಎರಡು ವರ್ಷದಿಂದ ಇದನ್ನು ಓದ್ತಾನೇ ಇದ್ದೀನಿ, ಬಿಡಿ ಹಾಡುಗಳು ಬಿಟ್ಟರೆ ಆಲ್ಬಮ್ ಯಾವುದೂ ಪೂರ್ತಿ ಕೇಳಿಲ್ಲ. ವೇದಿಕೆ ಮೇಲಿನದು ಒಂದೇ ಒಂದು ಹೇಳಿ. ಪಟ್ಟಿ ಕೊಡಬೇಡಿ, ದಯವಿಟ್ಟು.

ಜಾಝ್‌ಭೂತ
ಗೆಟ್ ಯರ್ ಯಾ-ಯಾಸ್ ಔಟ್. 1969ರ ನವೆಂಬರ್ ಪ್ರವಾಸದ್ದು, ಬಹುಪಾಲು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನದು. ಮಿಕ್ ಹಾಡುಗಳ ಮಧ್ಯೆ ಜನರನ್ನು ಕೇಳ್ತಾನೆ, ಇವತ್ತು ಚಾರ್ಲಿ ಚೆನ್ನಾಗಿ ಬಾರಿಸ್ತಿದ್ದಾನೆ ಅಲ್ವಾ ಅಂತ. ಹೆಡ್‌ಫೋನ್ ಹಾಕಿಕೊಂಡು ಕೇಳಿ.

ಸಂಜೆಬಸ್ಸು
ಸಿಕ್ಕಿತು, ಹಾಕಿದ್ದೀನಿ. ಒಂದು ನಿಮಿಷ, ಇದರ ಮುಖಪುಟದಲ್ಲಿ ಎರಡು ಕೈಯಲ್ಲಿ ಗಿಟಾರ್ ಹಿಡಿದು ರಸ್ತೆಯಲ್ಲಿ ಜಿಗಿಯುತ್ತಿರುವುದು ಯಾರು? ಪಕ್ಕದಲ್ಲಿ ಕತ್ತೆ ಬೇರೆ ಇದೆ!

ಜಾಝ್‌ಭೂತ
ಚಾರ್ಲಿ ಮಾರಾಯ. ಡ್ರಮ್ಸ್ ಕತ್ತೆ ಮೇಲೆ ಹೇರಿದ್ದಾರೆ ನೋಡು.